ಮುಟ್ಟಿದರೆ ಮುನಿ

ಮುಟ್ಟಿದರೆ ಮುನಿ ಎಂಬುದು ಅವರೆ, ತೊಗರಿ, ಹೆಸರು ಮೊದಲಾದವುಗಳನ್ನು ಒಳಗೊಂಡ ಫ್ಯಾಬೇಸೀ ಕುಟುಂಬಕ್ಕೆ ಸೇರಿದ ಒಂದು ಕಾಡುಗಿಡ. ಇದರ ಸಸ್ಯಶಾಸ್ತ್ರೀಯ ಹೆಸರು ಮೈಮೋಸಾ ಪ್ಯುಡಿಕಾ. ನಾಚಿಕೆ ಮುಳ್ಳು, ಲಜ್ಜಾವತಿ ಎಂಬ ಹೆಸರುಗಳೂ ರೂಢಿಯಲ್ಲಿವೆ. ರಸ್ತೆಯ ಅಂಚು, ಗೋಮಾಳ, ತೋಟ, ಗದ್ದೆಯ ಬದು, ಆಟದ ಬಯಲು ಮುಂತಾದ ತೆರೆದ ಸ್ಥಳಗಳಲ್ಲಿ ನೆಲದ ಮೇಲೆ ಚಾಪೆ ಹಾಸಿದಂತೆ ಹಬ್ಬಿ ಬೆಳೆಯುತ್ತದೆ. ಮುಟ್ಟಿದೊಡನೆ ಎಲೆಗಳನ್ನು ಮಡಚಿಕೊಳ್ಳುವ ಗುಣದಿಂದಾಗಿ ಇದು ಮಕ್ಕಳಿಗೆ ಆಟದ ವಸ್ತುವೂ ವಿಜ್ಞಾನಿಗಳಿಗೆ ಅಧ್ಯಯನದ ವಸ್ತುವೂ ಆಗಿದೆ. ರೈತರಿಗೆ ಮಾತ್ರ ಇದು ಕೈಕಾಲು ಗೀರುವ ಒಂದು ಹಟಮಾರಿ ಕಳೆ. ಗಿಡದ ಹೆಸರುಗಳೆಲ್ಲ ನಾಚಿಕೆ, ಮುನಿಸುಗಳನ್ನು ಸೂಚಿಸಿದರೂ ಎಲೆ ಮಡಚುವುದು ಶತ್ರುಗಳಿಂದ ತನ್ನನ್ನು ಕಾಪಾಡಿಕೊಳ್ಳುವ ಒಂದು ಉಪಾಯವೆಂದು ಸಂಶೋಧನೆಗಳಿಂದ ತಿಳಿದುಬಂದಿದೆ.

ಹೆಸರುಗಳು ಮತ್ತು ಅವುಗಳ ಅರ್ಥ

ಕನ್ನಡದ ‘ಮುಟ್ಟಿದರೆ ಮುನಿ’ ಎಂಬ ಹೆಸರಿನಲ್ಲಿರುವ ‘ಮುನಿ’ ಎಂಬುದು ಋಷಿ ಎಂಬ ಅರ್ಥದ ಸಂಸ್ಕೃತ ಪದವಲ್ಲ. ಅದು ಕೋಪಿಸಿಕೊಳ್ಳು, ಮುನಿಸಿಕೊಳ್ಳು ಎಂಬ ಅರ್ಥದ ಅಚ್ಚಗನ್ನಡ ಧಾತು. ಮುಟ್ಟಿದರೆ ಮುನಿಯುವ ಗಿಡ ಎಂಬುದು ಹೆಸರಿನ ತಾತ್ಪರ್ಯ. ಸಣ್ಣ ಮಾತಿಗೂ ಮನಸ್ಸು ಕೆಡಿಸಿಕೊಳ್ಳುವವರನ್ನು ‘ಮುಟ್ಟಿದರೆ ಮುನಿ’ ಎಂದು ಕರೆಯುವ ರೂಢಿ ಕನ್ನಡದಲ್ಲಿದೆ. ‘ನಾಚಿಕೆ ಮುಳ್ಳು’ ಎಂಬ ಹೆಸರಿನಲ್ಲಾದರೋ ಅದೇ ಚಲನೆ ನಾಚಿಕೆಯಾಗಿ ತೋರಿದೆ. ಸಂಸ್ಕೃತದ ಲಜ್ಜಾಲು, ಬಂಗಾಳಿಯ ಲಜ್ಜಾವತಿ, ಮರಾಠಿಯ ಲಾಜಾಳೂ ಎಂಬ ಹೆಸರುಗಳಲ್ಲಿಯೂ ಇದೇ ಭಾವವಿದೆ. ಎಲೆಗಳು ಕೈಜೋಡಿಸಿದಂತೆ ಕಾಣುವುದರಿಂದ ಸಂಸ್ಕೃತದಲ್ಲಿ ‘ನಮಸ್ಕಾರಿ’ ಎಂಬ ಹೆಸರೂ ಇದೆ. ಮಲಯಾಳದ ‘ತೊಟ್ಟಾವಾಡಿ’ ಎಂದರೆ ಮುಟ್ಟಿದರೆ ಬಾಡುವುದು. ತಮಿಳಿನ ‘ತೊಟ್ಟಾಚ್ಚಿಣುಂಗಿ’ ಎಂದರೆ ಮುಟ್ಟಿದರೆ ಮುಲುಗುಟ್ಟಿ ಅಳುವುದು. ಹೀಗೆ ಒಂದೇ ಚಲನೆಯು ಒಂದು ನಾಡಿನವರಿಗೆ ಮುನಿಸಾಗಿ, ಇನ್ನೊಂದು ನಾಡಿನವರಿಗೆ ಲಜ್ಜೆಯಾಗಿ, ಮತ್ತೊಂದು ನಾಡಿನವರಿಗೆ ಬಾಡುವಿಕೆಯಾಗಿ ಕಂಡಿದೆ.

ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಷೀಸ್ ಪ್ಲಾಂಟೇರಮ್’ ಗ್ರಂಥದಲ್ಲಿ ಈ ಗಿಡಕ್ಕೆ ಮೈಮೋಸಾ ಪ್ಯುಡಿಕಾ ಎಂಬ ಹೆಸರನ್ನು ನೀಡಿದನು. ‘ಮೈಮೋಸಾ’ ಎಂಬುದು ಅನುಕರಿಸುವವನು, ನಟ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ‘ಪ್ಯುಡಿಕಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಂಕೋಚವುಳ್ಳದ್ದು. ಇಂಗ್ಲಿಷಿನಲ್ಲಿ ‘ಟಚ್ ಮಿ ನಾಟ್’ ಎಂದು ಕರೆಯುವುದುಂಟು. ಆದರೆ ಮುಟ್ಟಿದರೆ ಕಾಯಿ ಸಿಡಿಯುವ ಬಾಲ್ಸಮ್ ಜಾತಿಯ ಗಿಡಗಳಿಗೂ ಅದೇ ಹೆಸರಿರುವುದರಿಂದ ವಿದ್ಯಾರ್ಥಿಗಳು ಎರಡನ್ನೂ ಒಂದೆಂದು ಭಾವಿಸಬಾರದು.

ಮೂಲ ಮತ್ತು ಪ್ರಸಾರ

ಈ ಗಿಡ ನಮ್ಮಲ್ಲಿ ಎಷ್ಟೇ ಪರಿಚಿತವಾಗಿದ್ದರೂ ಭಾರತದ ಮೂಲದ್ದಲ್ಲ. ಇದರ ತವರು ಅಮೆರಿಕ ಖಂಡದ ಉಷ್ಣವಲಯ. ಯೂರೋಪಿಯನ್ನರು ಅಮೆರಿಕಕ್ಕೆ ಹೋಗಿಬರತೊಡಗಿದ ಮೇಲೆ ಇದು ಹಳೆಯ ಜಗತ್ತಿನ ಉಷ್ಣ ಪ್ರದೇಶಗಳಿಗೆ ತಲುಪಿತು. ಇಂದು ಏಷ್ಯಾ, ಆಫ್ರಿಕ, ಆಸ್ಟ್ರೇಲಿಯ ಮತ್ತು ಪೆಸಿಫಿಕ್ ದ್ವೀಪಗಳ ಬೆಚ್ಚನೆಯ, ತೇವವುಳ್ಳ ಭಾಗಗಳಲ್ಲೆಲ್ಲ ನೆಲೆಗೊಂಡಿದೆ. ಕರ್ನಾಟಕದಲ್ಲಿ ಕರಾವಳಿ ಮತ್ತು ಮಲೆನಾಡುಗಳಲ್ಲಿ ಹೇರಳವಾಗಿ ಕಾಣಸಿಗುತ್ತದೆ. ಒಳನಾಡಿನ ಒಣ ಪ್ರದೇಶಗಳಲ್ಲಿ ನೀರಿನ ಆಸರೆಯಿರುವ ತೋಟ, ಕಾಲುವೆ ಬದಿಗಳಲ್ಲಿ ಬೆಳೆಯುತ್ತದೆ.

ಇದು ಹೊರಗಿನಿಂದ ಬಂದ ಗಿಡವೆಂಬ ಸಂಗತಿಯಿಂದ ಒಂದು ಪ್ರಶ್ನೆ ಏಳುತ್ತದೆ. ಪ್ರಾಚೀನ ಗ್ರಂಥಗಳಲ್ಲಿ ಮುಟ್ಟಿದರೆ ಮುದುಡುವ ಗಿಡದ ಉಲ್ಲೇಖವಿದ್ದರೆ ಅದು ಯಾವ ಗಿಡ? ಹದಿನೈದನೆಯ ಶತಮಾನದ ಕೊನೆಗೂ ಮುಂಚಿನ ಉಲ್ಲೇಖವಾದರೆ ಅದು ಇಂದಿನ ಮುಟ್ಟಿದರೆ ಮುನಿಯಾಗಿರಲಾರದು. ಏಷ್ಯಾದ ಮೂಲದ್ದೇ ಆದ ಬಯೋಫೈಟಮ್ ಸೆನ್ಸಿಟಿವಮ್ ಎಂಬ ಪುಟ್ಟ ಗಿಡವೂ ಸ್ಪರ್ಶಕ್ಕೆ ಎಲೆ ಮಡಚುತ್ತದೆ. ಹಳದಿ ಹೂಬಿಡುವ ಈ ಗಿಡ ಕೇರಳದಲ್ಲಿ ‘ಮುಕ್ಕುತ್ತಿ’ ಎಂಬ ಹೆಸರಿನಿಂದ ದಶಪುಷ್ಪಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಹಳೆಯ ಹೆಸರುಗಳು ಇಂತಹ ಸ್ಥಳೀಯ ಗಿಡದಿಂದ ಹೊಸದಾಗಿ ಬಂದ ಗಿಡಕ್ಕೆ ವರ್ಗವಾಗಿರುವ ಸಾಧ್ಯತೆಯಿದೆ.

ಸಸ್ಯದ ವಿವರಣೆ

ಎಳೆಯ ಗಿಡ ನೆಟ್ಟಗೆ ನಿಲ್ಲುತ್ತದೆ. ಬಲಿತಂತೆ ಕಾಂಡವು ನೆಲಕ್ಕೆ ಬಾಗಿ ಸುತ್ತಲೂ ಹರಡುತ್ತದೆ. ಕಾಂಡ ತೆಳುವಾಗಿದ್ದು ಒಂದೂವರೆ ಮೀಟರಿನಷ್ಟು ಉದ್ದ ಬೆಳೆಯಬಲ್ಲದು. ಹಲವು ಗಿಡಗಳ ಕೊಂಬೆಗಳು ಒಂದರ ಮೇಲೊಂದು ಹೆಣೆದುಕೊಂಡು ನೆಲವೇ ಕಾಣದಂತಹ ದಟ್ಟ ಹಾಸು ಉಂಟಾಗುತ್ತದೆ. ಕಾಂಡದ ಮೇಲೆ ಬಾಗಿದ ಚೂಪಾದ ಮುಳ್ಳುಗಳಿರುತ್ತವೆ.

ಎಲೆ ಸಂಯುಕ್ತ ಬಗೆಯದು. ಉದ್ದನೆಯ ಎಲೆತೊಟ್ಟಿನ ತುದಿಯಿಂದ ಒಂದು ಅಥವಾ ಎರಡು ಜೊತೆ ಗರಿಗಳು ಅಂಗೈಯ ಬೆರಳುಗಳಂತೆ ಹೊರಡುತ್ತವೆ. ಪ್ರತಿಯೊಂದು ಗರಿಯ ಎರಡೂ ಬದಿಗಳಲ್ಲಿ ಕಿರುಎಲೆಗಳು ಎದುರುಬದುರಾಗಿ ಸಾಲುಗೊಂಡಿರುತ್ತವೆ. ಒಂದು ಗರಿಯಲ್ಲಿ ಸಾಮಾನ್ಯವಾಗಿ 10ರಿಂದ 26 ಕಿರುಎಲೆಗಳನ್ನು ಎಣಿಸಬಹುದು.

ನಸುಗೆಂಪು ಅಥವಾ ನೇರಿಳೆ ಛಾಯೆಯ ಹೂಚೆಂಡುಗಳು ಎಲೆಯ ಕಂಕುಳಲ್ಲಿ ಮೂಡುತ್ತವೆ. ನಮಗೆ ಒಂದು ಹೂವಿನಂತೆ ಕಾಣುವ ಈ ಚೆಂಡು ನಿಜವಾಗಿ ಅನೇಕ ಪುಟ್ಟ ಹೂಗಳ ಗೊಂಚಲು. ಪ್ರತಿ ಪುಟ್ಟ ಹೂವಿಗೂ ನಾಲ್ಕು ಕೇಸರಗಳಿದ್ದು, ಹೊರಕ್ಕೆ ಚಾಚಿದ ಅವುಗಳ ಎಳೆಗಳಿಂದಲೇ ಚೆಂಡಿಗೆ ಬಣ್ಣವೂ ರೇಷ್ಮೆಯಂತಹ ನಯವೂ ಬರುತ್ತದೆ. ಗಾಳಿ ಮತ್ತು ಕೀಟಗಳಿಂದ ಪರಾಗಸ್ಪರ್ಶ ನಡೆಯುತ್ತದೆ. ಕಾಯಿಗಳು ಒಂದರಿಂದ ಎರಡು ಸೆಂಟಿಮೀಟರ್ ಉದ್ದವಿದ್ದು ಗುಂಪಾಗಿ ಇರುತ್ತವೆ. ಕಾಯಿಯ ಅಂಚಿನಲ್ಲಿ ಬಿರುಗೂದಲುಗಳಿವೆ. ಬಲಿತ ಕಾಯಿ ಒಂದೊಂದೇ ಬೀಜವುಳ್ಳ ತುಂಡುಗಳಾಗಿ ಕಳಚುತ್ತದೆ. ಆ ತುಂಡುಗಳು ಪ್ರಾಣಿಗಳ ಮೈಗೂ ಮನುಷ್ಯರ ಬಟ್ಟೆಗೂ ಅಂಟಿಕೊಂಡು ದೂರ ಸಾಗುತ್ತವೆ. ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ಅದು ಮಣ್ಣಿನಲ್ಲಿ ಬಹುಕಾಲ ಕೆಡದೆ ಉಳಿಯುತ್ತದೆ.

ಎಲೆ ಮಡಚುವ ಕ್ರಿಯೆ

ಒಂದು ಕಿರುಎಲೆಯ ತುದಿಯನ್ನು ಮೆಲ್ಲನೆ ಮುಟ್ಟಿದರೆ ಆ ಎಲೆಯೂ ಅದರ ಎದುರಿನ ಜೊತೆಯೂ ಮೇಲಕ್ಕೆ ಮಡಚಿಕೊಳ್ಳುತ್ತವೆ. ಸ್ಪರ್ಶ ಬಲವಾಗಿದ್ದರೆ ಜೊತೆಯ ನಂತರ ಜೊತೆಯಾಗಿ ಇಡೀ ಗರಿ ಮುಚ್ಚುತ್ತದೆ, ಬೇರೆ ಗರಿಗಳೂ ಮುಚ್ಚುತ್ತವೆ, ಕೊನೆಗೆ ಎಲೆತೊಟ್ಟೇ ಕೆಳಕ್ಕೆ ಜೋಲುಬೀಳುತ್ತದೆ. ಸುಟ್ಟರೆ ಅಥವಾ ಕತ್ತರಿಸಿದರೆ ಸಂಕೇತವು ಕಾಂಡದ ಮೂಲಕ ನೆರೆಯ ಎಲೆಗಳಿಗೂ ಹರಿಯುತ್ತದೆ. ಸಂಕೇತವು ಸೆಕೆಂಡಿಗೆ ಸುಮಾರು ಎರಡು-ಮೂರು ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ತೊಂದರೆ ಮುಂದುವರಿಯದಿದ್ದರೆ ಸಾಮಾನ್ಯವಾಗಿ 10ರಿಂದ 20 ನಿಮಿಷಗಳಲ್ಲಿ ಎಲೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಗಿಡಕ್ಕೆ ಪ್ರಾಣಿಗಳಂತೆ ಸ್ನಾಯುಗಳಿಲ್ಲ. ಈ ಚಲನೆಯೆಲ್ಲ ನಡೆಯುವುದು ನೀರಿನ ಬಲದಿಂದ. ಎಲೆತೊಟ್ಟಿನ ಬುಡದಲ್ಲಿ, ಗರಿಯ ಬುಡದಲ್ಲಿ ಮತ್ತು ಪ್ರತಿ ಕಿರುಎಲೆಯ ಬುಡದಲ್ಲಿ ‘ಪಲ್ವೈನಸ್’ ಎಂಬ ಸಣ್ಣ ಉಬ್ಬುಗಂಟುಗಳಿವೆ. ಇವು ಬಾಗಿಲಿನ ತಿರುಗಣಿಯಂತೆ ಕೆಲಸಮಾಡುತ್ತವೆ. ಎಲೆ ಬಿಚ್ಚಿರುವಾಗ ಗಂಟಿನ ಜೀವಕೋಶಗಳು ನೀರು ತುಂಬಿದ ಚೀಲಗಳಂತೆ ಬಿಗಿಯಾಗಿರುತ್ತವೆ. ಸ್ಪರ್ಶದ ಸಂಕೇತ ತಲುಪಿದಾಗ ಗಂಟಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಮ್ ಮತ್ತು ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ. ಅವುಗಳನ್ನು ಹಿಂಬಾಲಿಸಿ ನೀರೂ ಹೊರಹೋಗುತ್ತದೆ. ಆ ಬದಿಯ ಬಿಗಿತ ಕಳೆದು ಗಂಟು ಅತ್ತ ಬಾಗುತ್ತದೆ. ಎಲೆತೊಟ್ಟಿನ ಬುಡದ ಗಂಟಿನಲ್ಲಿ ಹೀಗೆ ಕುಸಿಯುವುದು ಕೆಳಬದಿಯ ಕೋಶಗಳು. ಆದ್ದರಿಂದಲೇ ತೊಟ್ಟು ಕೆಳಕ್ಕೆ ಇಳಿಯುತ್ತದೆ. ಮುಚ್ಚುವುದು ಕ್ಷಣಮಾತ್ರದ ಕೆಲಸ. ಮತ್ತೆ ಬಿಚ್ಚಬೇಕಾದರೆ ಅಯಾನುಗಳನ್ನು ಶಕ್ತಿ ವ್ಯಯಿಸಿ ಒಳಕ್ಕೆ ಸೆಳೆದುಕೊಳ್ಳಬೇಕು. ಅದಕ್ಕಾಗಿಯೇ ಬಿಚ್ಚುವಿಕೆ ನಿಧಾನವಾಗಿ ನಡೆಯುತ್ತದೆ.

ರಾತ್ರಿಯ ವೇಳೆ ಯಾರೂ ಮುಟ್ಟದಿದ್ದರೂ ಎಲೆಗಳು ಮಡಚಿಕೊಂಡು ಬೆಳಗ್ಗೆ ಬಿಚ್ಚಿಕೊಳ್ಳುತ್ತವೆ. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಂಡರೂ ಇದು ಸ್ಪರ್ಶದ ಪ್ರತಿಕ್ರಿಯೆಯಲ್ಲ. ಗಿಡದೊಳಗಿನ ಕಾಲಮಾಪನ ವ್ಯವಸ್ಥೆಯೇ ಇದನ್ನು ನಡೆಸುತ್ತದೆ.

ಸಂಶೋಧನೆಯ ಇತಿಹಾಸ

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಸ್ಪರ್ಶಕ್ಕೆ ಮುದುಡುವ ಗಿಡದ ಚರ್ಚೆಯಿದೆ. 1729ರಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾಕ್ ಡಿ ಮೆರಾನ್ ಇಂತಹ ಗಿಡವನ್ನು ಕತ್ತಲೆಯಲ್ಲಿರಿಸಿದರೂ ಅದು ಹಗಲಿನ ವೇಳೆಗೆ ಎಲೆ ಬಿಚ್ಚಿ ರಾತ್ರಿಯ ವೇಳೆಗೆ ಮುಚ್ಚುವುದನ್ನು ಗಮನಿಸಿದನು. ಸೂರ್ಯನನ್ನು ಕಾಣದೆಯೇ ಗಿಡಕ್ಕೆ ಹೊತ್ತು ತಿಳಿಯುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. 1832ರಲ್ಲಿ ಸ್ವಿಟ್ಜರ್ಲೆಂಡಿನ ಅಗಸ್ಟಿನ್ ಡಿ ಕ್ಯಾಂಡೋಲ್, ಸತತ ಬೆಳಕಿನಲ್ಲಿಟ್ಟ ಮುಟ್ಟಿದರೆ ಮುನಿಯ ಆವರ್ತನೆ 24 ಗಂಟೆಗಳಲ್ಲದೆ 22-23 ಗಂಟೆಗಳಷ್ಟಿರುವುದನ್ನು ಕಂಡನು. ಹೊರಗಿನ ದಿನಕ್ಕೂ ಒಳಗಿನ ಲೆಕ್ಕಕ್ಕೂ ಇರುವ ಈ ಚಿಕ್ಕ ವ್ಯತ್ಯಾಸವೇ ಗಿಡದೊಳಗೆ ಸ್ವತಂತ್ರವಾದ ಗಡಿಯಾರವಿದೆ ಎಂಬುದಕ್ಕೆ ಬಲವಾದ ಸಾಕ್ಷಿ. ಜೀವಿಗಳ ಒಳಗಡಿಯಾರದ ಅಧ್ಯಯನಕ್ಕೆ 2017ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಸಂದಿತು. ಹಣ್ಣುನೊಣಗಳ ಮೇಲಿನ ಆ ಅಧ್ಯಯನಗಳ ಪೂರ್ವಕಥೆ ಈ ಗಿಡದಿಂದಲೇ ಆರಂಭವಾಗುತ್ತದೆ.

ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಈಥರ್ ಎಂಬ ಅರಿವಳಿಕೆಯ ಆವಿಗೆ ಒಡ್ಡಿದ ಗಿಡ ಸ್ಪರ್ಶಕ್ಕೆ ಸ್ಪಂದಿಸದಿರುವುದನ್ನು ತೋರಿಸಿದನು. ಆವಿ ದೂರವಾದಾಗ ಗಿಡ ಮತ್ತೆ ಮೊದಲಿನಂತೆ ಸ್ಪಂದಿಸುತ್ತದೆ.

ಭಾರತದ ವಿಜ್ಞಾನಿ ಜಗದೀಶ್ ಚಂದ್ರ ಬೋಸ್ (1858–1937) ಕಲ್ಕತ್ತೆಯಲ್ಲಿ ಈ ಗಿಡದ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿದರು. ಎಲೆಯ ಸೂಕ್ಷ್ಮ ಚಲನೆಯನ್ನು ಮಸಿ ಹಿಡಿಸಿದ ಗಾಜಿನ ಮೇಲೆ ತಾನೇ ದಾಖಲಿಸುವ ‘ರೆಸೊನೆಂಟ್ ರೆಕಾರ್ಡರ್’ ಎಂಬ ಉಪಕರಣವನ್ನು ಅವರು ರೂಪಿಸಿದರು. ಸಂಕೇತವು ವಿದ್ಯುತ್ ಸ್ವರೂಪದ್ದೆಂದೂ ಪ್ರಾಣಿಗಳ ನರಗಳ ಪ್ರಚೋದನೆಯನ್ನು ಹೋಲುತ್ತದೆಂದೂ ಅವರು ಪ್ರತಿಪಾದಿಸಿದರು. ಈ ವಿಚಾರಗಳನ್ನು 1926ರ ‘ದಿ ನರ್ವಸ್ ಮೆಕ್ಯಾನಿಸಮ್ ಆಫ್ ಪ್ಲಾಂಟ್ಸ್’ ಗ್ರಂಥದಲ್ಲಿ ವಿವರಿಸಿದರು. 1917ರಲ್ಲಿ ಅವರು ಸ್ಥಾಪಿಸಿದ ಬೋಸ್ ಸಂಶೋಧನಾ ಸಂಸ್ಥೆ ಇಂದಿಗೂ ಕಾರ್ಯನಿರತವಾಗಿದೆ.

ಬೋಸರ ಅಭಿಪ್ರಾಯವನ್ನು ಎಲ್ಲರೂ ಒಪ್ಪಲಿಲ್ಲ. ಇಟಲಿಯ ರಿಕ್ಕಾ 1916ರಲ್ಲಿ ಕಾಂಡವನ್ನು ಕತ್ತರಿಸಿ ಎರಡು ತುಂಡುಗಳನ್ನು ನೀರು ತುಂಬಿದ ಕೊಳವೆಯಿಂದ ಜೋಡಿಸಿದಾಗಲೂ ಸಂಕೇತ ದಾಟುವುದನ್ನು ತೋರಿಸಿ, ರಾಸಾಯನಿಕವೊಂದು ನೀರಿನೊಡನೆ ಹರಿಯುತ್ತದೆಂದು ವಾದಿಸಿದನು. ಇಂದಿನ ತಿಳಿವಳಿಕೆಯಂತೆ ಇಬ್ಬರ ವಾದದಲ್ಲಿಯೂ ಸತ್ಯಾಂಶವಿದೆ. ಹಗುರವಾದ ಸ್ಪರ್ಶಕ್ಕೂ ತೀವ್ರವಾದ ಗಾಯಕ್ಕೂ ಸಂಕೇತ ಸಾಗುವ ಬಗೆಯಲ್ಲಿ ಭೇದವಿದೆ.

ಮಡಚುವಿಕೆಯ ಪ್ರಯೋಜನ

ಎಲೆ ಮಡಚಿದಷ್ಟು ಹೊತ್ತು ಗಿಡಕ್ಕೆ ದೊರಕುವ ಬೆಳಕು ಕಡಮೆಯಾಗಿ ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಮತ್ತೆ ಬಿಚ್ಚಲು ಶಕ್ತಿಯೂ ಬೇಕು. ಹೀಗೆ ನಷ್ಟವುಂಟುಮಾಡುವ ಅಭ್ಯಾಸವೊಂದು ಉಳಿದುಬಂದಿದೆಯೆಂದರೆ ಅದರಿಂದ ಲಾಭವೂ ಇರಬೇಕು. ಮಡಚಿದ ಎಲೆ ಮೇಯುವ ಪ್ರಾಣಿಗೆ ಬಾಡಿದಂತೆ ಕಾಣುತ್ತದೆ, ಕಾಂಡದ ಮುಳ್ಳುಗಳು ಎದ್ದು ತೋರುತ್ತವೆ, ಎಲೆಯ ಮೇಲೆ ಕುಳಿತ ಕೀಟದ ಕಾಲ್ನೆಲೆ ಕದಲುತ್ತದೆ ಎಂದು ಬಹುಕಾಲದಿಂದ ಊಹಿಸಲಾಗಿತ್ತು.

2022ರಲ್ಲಿ ಜಪಾನಿನ ಸೈತಾಮಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಸಹವರ್ತಿಗಳು ಈ ಊಹೆಯನ್ನು ಪರೀಕ್ಷೆಗೆ ಒಳಪಡಿಸಿದರು. ಕ್ಯಾಲ್ಸಿಯಮ್ ಹೆಚ್ಚಿದೆಡೆ ಹೊಳೆಯುವಂತೆ ಮಾರ್ಪಡಿಸಿದ ಗಿಡಗಳಲ್ಲಿ, ಎಲೆ ಮಡಚುವುದಕ್ಕೆ ತುಸು ಮುಂಚೆ ಕ್ಯಾಲ್ಸಿಯಮ್ ಸಂಕೇತವು ಅಲೆಯಂತೆ ಸಾಗುವುದು ಕಣ್ಣಿಗೆ ಕಂಡಿತು. ಉಬ್ಬುಗಂಟುಗಳೇ ಇಲ್ಲದಂತೆ ಮಾಡಿದ, ಅಂದರೆ ಎಲೆ ಮಡಚಲಾಗದ ಗಿಡಗಳನ್ನು ಮಿಡತೆಗಳು ಸಾಮಾನ್ಯ ಗಿಡಗಳಿಗಿಂತ ಹೆಚ್ಚಾಗಿ ತಿಂದವು. ಮಡಚುವಿಕೆ ರಕ್ಷಣೆಯ ಉಪಾಯವೆಂಬುದಕ್ಕೆ ಇದು ನೇರವಾದ ಆಧಾರ.

ಆಸ್ಟ್ರೇಲಿಯದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕುಂಡಗಳನ್ನು ಒಂದೇ ಎತ್ತರದಿಂದ ಮತ್ತೆ ಮತ್ತೆ ಕೆಳಕ್ಕೆ ಬೀಳಿಸಿದಾಗ ಗಿಡಗಳು ಕ್ರಮೇಣ ಎಲೆ ಮಡಚುವುದನ್ನು ನಿಲ್ಲಿಸಿದವು. 28 ದಿನಗಳ ನಂತರವೂ ಆ ಬದಲಾವಣೆ ಉಳಿದಿತ್ತೆಂದು ವರದಿಯಾಯಿತು. ಅಪಾಯವಲ್ಲದ ಅಲುಗಾಟವನ್ನು ಗಿಡ ಕಡೆಗಣಿಸಬಲ್ಲದೆಂಬುದು ಇದರ ಸೂಚನೆ. ಇದನ್ನು ‘ಕಲಿಕೆ’ ಎನ್ನಬಹುದೇ ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ.

ಬೇರಿನ ವಿಶೇಷಗಳು

ಫ್ಯಾಬೇಸೀ ಕುಟುಂಬದ ಅನೇಕ ಸಸ್ಯಗಳಂತೆ ಮುಟ್ಟಿದರೆ ಮುನಿಯ ಬೇರಿನಲ್ಲಿಯೂ ಗಂಟುಗಳಿವೆ. ಅವುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡದಿಂದ ಸಕ್ಕರೆಯ ಅಂಶವನ್ನು ಪಡೆಯುತ್ತವೆ. ಬಡ ಮಣ್ಣಿನಲ್ಲಿಯೂ ಈ ಗಿಡ ಹುಲುಸಾಗಿ ಬೆಳೆಯಲು ಇದೊಂದು ಕಾರಣ. ಅವರೆ, ಕಡಲೆಗಳ ಬೇರುಗಂಟಿನಲ್ಲಿರುವ ರೈಜೋಬಿಯಮ್ ಬಳಗಕ್ಕಿಂತ ಭಿನ್ನವಾದ ಬ್ಯಾಕ್ಟೀರಿಯಗಳು ಇದರಲ್ಲಿ ಹೆಚ್ಚಾಗಿ ದೊರಕಿವೆ. ಅವುಗಳಲ್ಲೊಂದಾದ ಕ್ಯುಪ್ರಿಯಾವಿಡಸ್ ತೈವಾನೆನ್ಸಿಸ್ ಮೊದಲು ತೈವಾನಿನಲ್ಲಿ ಪತ್ತೆಯಾಗಿ 2001ರಲ್ಲಿ ವರದಿಯಾಯಿತು.

ಗಿಡವನ್ನು ಕಿತ್ತಾಗ ಬೇರಿನಿಂದ ಗಂಧಕದ ಸಂಯುಕ್ತಗಳ ದುರ್ವಾಸನೆ ಬರುತ್ತದೆ. ಬೇರು ಮನುಷ್ಯರ ಚರ್ಮ ತಾಗಿದರೆ ವಾಸನೆ ಬೀರುತ್ತದೆ, ಗಾಜು ಅಥವಾ ಲೋಹ ತಾಗಿದರೆ ಬೀರುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಎಲೆಯಂತೆ ಬೇರಿಗೂ ಸ್ಪರ್ಶವನ್ನು ಗುರುತಿಸುವ ಶಕ್ತಿಯಿದೆಯೆಂದು ಇದರಿಂದ ತಿಳಿಯುತ್ತದೆ.

ಕಳೆಯಾಗಿ

ಅಡಕೆ, ತೆಂಗು, ರಬ್ಬರ್ ತೋಟಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ಮುಟ್ಟಿದರೆ ಮುನಿ ತೊಡಕಿನ ಕಳೆಯಾಗಿದೆ. ಅದರ ದಟ್ಟ ಹಾಸಿನಡಿಯಲ್ಲಿ ದನಗಳಿಗೆ ಮೇವಾಗುವ ಹುಲ್ಲು ಬೆಳೆಯಲಾರದು. ಬರಿಗೈಯಿಂದ ಕಳೆ ಕೀಳುವವರಿಗೂ ಬರಿಗಾಲಿನಲ್ಲಿ ನಡೆಯುವವರಿಗೂ ಅದರ ಮುಳ್ಳುಗಳಿಂದ ಗಾಯಗಳಾಗುತ್ತವೆ. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡುವ ಮುನ್ನವೇ ಬೇರುಸಹಿತ ಕೀಳುವುದು, ನೆಲವನ್ನು ತರಗೆಲೆಯಿಂದ ಮುಚ್ಚುವುದು, ಒತ್ತಾಗಿ ಬೆಳೆಯುವ ಮುಚ್ಚುಬೆಳೆಗಳನ್ನು ಬೆಳೆಸುವುದು ಇದನ್ನು ಹತೋಟಿಯಲ್ಲಿಡುವ ಸರಳ ಕ್ರಮಗಳು. ಇನ್ನೊಂದು ದೃಷ್ಟಿಯಲ್ಲಿ, ಬೋಳು ಇಳಿಜಾರುಗಳಲ್ಲಿ ಇದರ ಹಾಸು ಮಳೆಯ ಹೊಡೆತದಿಂದ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ.

ಇದರ ಹತ್ತಿರದ ಸಂಬಂಧಿಗಳು ಇನ್ನೂ ಹೆಚ್ಚು ಉಪದ್ರವಕಾರಿ. ಬೇರೆ ಗಿಡಗಳ ಮೇಲೆ ಏರಿ ಹಬ್ಬುವ ಮೈಮೋಸಾ ಡಿಪ್ಲೋಟ್ರೈಕಾ ಅಸ್ಸಾಮಿನ ಕಾಜಿರಂಗ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲುಗಳಿಗೆ ಕಂಟಕವಾಗಿದೆ. ಮೈಮೋಸಾ ಪೈಗ್ರಾ ಎಂಬ ಪೊದೆ ಉತ್ತರ ಆಸ್ಟ್ರೇಲಿಯದ ಜೌಗು ಪ್ರದೇಶಗಳನ್ನು ಆಕ್ರಮಿಸಿದೆ.

ಔಷಧೀಯ ಬಳಕೆ

ಬೇರು ಮತ್ತು ಎಲೆಗಳನ್ನು ನಾಟಿ ವೈದ್ಯದಲ್ಲಿಯೂ ಆಯುರ್ವೇದದಲ್ಲಿಯೂ ಮೂಲವ್ಯಾಧಿ, ಅತಿಸಾರ, ಗಾಯ, ರಕ್ತಸ್ರಾವಗಳಿಗೆ ಬಳಸುವ ಪದ್ಧತಿಯಿದೆ. ಆದರೆ ಗಿಡದಲ್ಲಿ ಮೈಮೋಸಿನ್ ಎಂಬ ವಿಷಕಾರಿ ಅಮೈನೋ ಆಮ್ಲವಿದೆ. ಇದು ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಜಾನುವಾರುಗಳ ಕೂದಲು ಉದುರುತ್ತದೆ. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಸೂಕ್ತವಲ್ಲ. ಗರ್ಭಿಣಿಯರೂ ಮಕ್ಕಳೂ ವಿಶೇಷವಾಗಿ ಎಚ್ಚರ ವಹಿಸಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ವೀಕ್ಷಣೆಗಳು

ಈ ಗಿಡದ ಅಧ್ಯಯನಕ್ಕೆ ಪ್ರಯೋಗಾಲಯ ಬೇಕಿಲ್ಲ, ಒಂದು ಗಡಿಯಾರ ಮತ್ತು ಟಿಪ್ಪಣಿ ಪುಸ್ತಕ ಸಾಕು.

1. ತುದಿಯ ಒಂದು ಜೊತೆ ಕಿರುಎಲೆಗಳನ್ನು ಮಾತ್ರ ಮುಟ್ಟಿ, ಮಡಚುವಿಕೆ ಯಾವ ದಿಕ್ಕಿನಲ್ಲಿ ಎಷ್ಟು ದೂರ ಸಾಗುತ್ತದೆಂದು ಗಮನಿಸುವುದು.

2. ಎಲೆ ಪೂರ್ಣವಾಗಿ ಬಿಚ್ಚಲು ತೆಗೆದುಕೊಳ್ಳುವ ಸಮಯವನ್ನು ಬೆಳಗ್ಗೆ, ನಡುಹಗಲು ಮತ್ತು ಸಂಜೆ ಅಳೆದು ಹೋಲಿಸುವುದು.

3. ಒಂದು ಹನಿ ನೀರು, ಬೆರಳು, ಬಾಯಿಯಿಂದ ಊದಿದ ಗಾಳಿ ಇವುಗಳಿಗೆ ಗಿಡ ಒಂದೇ ರೀತಿ ಸ್ಪಂದಿಸುತ್ತದೆಯೇ ಎಂದು ನೋಡುವುದು.

4. ಕುಂಡದಲ್ಲಿ ಬೆಳೆಸಿದ ಗಿಡವನ್ನು ಎರಡು ದಿನ ಕತ್ತಲೆಯ ಕೋಣೆಯಲ್ಲಿರಿಸಿ ಡಿ ಮೆರಾನ್ ಕಂಡದ್ದನ್ನು ತಾವೂ ಕಾಣಲು ಪ್ರಯತ್ನಿಸುವುದು.

ಬೀಜಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಿತ್ತಿದರೆ ಗಟ್ಟಿ ಸಿಪ್ಪೆ ಮೆದುವಾಗಿ ಬೇಗ ಮೊಳೆಯುತ್ತವೆ. ವೀಕ್ಷಣೆಯ ನಡುವೆ ಗಿಡಕ್ಕೆ ಬಿಡುವು ಕೊಡಬೇಕು. ಪ್ರತಿ ಬಾರಿ ಮುಟ್ಟಿದಾಗಲೂ ಅದು ಬೆಳಕನ್ನೂ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಬೀಜ ಬಲಿಯುವ ಮುನ್ನ ಕಾಯಿಗಳನ್ನು ತೆಗೆದುಹಾಕಿದರೆ ಕುಂಡದ ಗಿಡ ತೋಟದ ಕಳೆಯಾಗುವುದನ್ನು ತಪ್ಪಿಸಬಹುದು.